ಉಸಿರಿನ ಯಂತ್ರಕ್ಕೆ ಊದುಬತ್ತಿ

ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವವರಿಗೆ ಗಾಳಿ ಊದುವ ಯಂತ್ರಗಳಿವೆ. ಅವುಗಳ ರಿಪೇರಿ ನನ್ನ ಕೆಲಸ. ಮುಂಡರಗಿಯ ಕಾಳು ವ್ಯಾಪಾರಿಯೊಬ್ಬರ ಮನೆಯಿಂದ ಕರೆ ಬಂತು.

ಯಂತ್ರ ಬಂದ ಹೊಸದರಲ್ಲಿ ಯಜಮಾನರು ಚೆನ್ನಾಗಿ ನಿದ್ದೆ ಮಾಡಿ, ವರ್ಷಗಳ ಮಂಕು ಬಿಟ್ಟು ನಗತೊಡಗಿದ್ದರಂತೆ. ಈಗ ಮತ್ತೆ ಊಟ ಬೇಡ, ಮಾತು ಬೇಡ, ಅಂಗಡಿಯೂ ಬೇಡ.

"ನನಗೇನೂ ಆಗಿಲ್ರಿ. ಜಗತ್ತ ಕೆಟ್ಟೈತಿ" ಎಂದರು ಅವರು, ಗೋಡೆ ನೋಡುತ್ತ.

"ಹೋದ ತಿಂಗಳ ಜಗತ್ತ ಚಲೋನ ಇತ್ತಲ್ರಿ" ಎಂದ ಹೆಂಡತಿ, ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಅಣ್ಣಾರ, ಇವರು ನಗೂದನ್ನ ಈಗಷ್ಟ ನೋಡಿದ್ನಿ. ಹೆಂಗರ ಮಾಡಿ ವಾಪಸ್ ಕೊಡ್ರಿ."

ಹಗಲು ಯಂತ್ರದ ವಾಸ ದೇವರ ಜಗಲಿಯ ಮೇಲೆ. ಮೈತುಂಬ ವಿಭೂತಿ, ಕುಂಕುಮ. ಗಾಳಿ ಎಳೆಯುವ ಕಿಂಡಿಯ ಮುಂದೆಯೇ ಊದುಬತ್ತಿ. ಫಿಲ್ಟರಿಗೆ ಬೂದಿ ಮೆತ್ತಿ, ಗಾಳಿಗೆ ದಾರಿಯೇ ಇರಲಿಲ್ಲ.

"ಇದಕ್ಕ ಪೂಜಿ ಮಾಡಬ್ಯಾಡ್ರಿ" ಎಂದೆ.

"ಗಂಡನ್ನ ನಗಿಸಿದ್ದಕ್ಕ ಮಾಡದ ಇನ್ಯಾತಕ್ಕ ಮಾಡ್ಲಿರಿ?"

ಫಿಲ್ಟರ್ ಬದಲಿಸಿ, ಯಂತ್ರವನ್ನು ಹಾಸಿಗೆಯ ಪಕ್ಕದಲ್ಲಿಟ್ಟೆ. ಅದು ಬಂದಿದ್ದ ಖಾಲಿ ರಟ್ಟಿನ ಡಬ್ಬಿಯನ್ನು ಜಗಲಿಗೇರಿಸಿ, ಪೂಜೆಯೆಲ್ಲ ಇನ್ನು ಇದಕ್ಕೆ ಎಂದೆ.

ವಾರದ ಮೇಲೆ ಆಕೆ ಫೋನ್ ಮಾಡಿದರು. ಹಿಂದಿನಿಂದ ಯಜಮಾನರು ಯಾರಿಗೋ ಜೋಕು ಹೇಳಿ ತಾವೇ ನಗುತ್ತಿದ್ದುದು ಕೇಳಿಸುತ್ತಿತ್ತು.

"ಮಷೀನ್ ಸುಮ್ನ ಬಾಜೂಕ ಇರತೈತ್ರಿ. ಕೆಲಸ ಎಲ್ಲಾ ಡಬ್ಬೀದು" ಎಂದರು. ಹೌದು ಎಂದೆ. ಮರುದಿನ ಅವರ ಪಕ್ಕದ ಮನೆಯವರು ಫೋನ್ ಮಾಡಿ, ಬರೀ ಡಬ್ಬಿಯಾದರೆ ಎಷ್ಟಾಗುತ್ತದೆ ಎಂದು ಕೇಳಿದರು.