ಒಂದು ದೀರ್ಘದ ತಪ್ಪು

ಅಡ್ಯಾರಿನ ಭಾರೀ ಶ್ರೀಮಂತರೊಬ್ಬರು ತೀರಿಕೊಂಡಾಗ, ಇಂಗ್ಲಿಷಿನಲ್ಲಿ ಅವರ ನೆನಪಿನ ಪುಸ್ತಕ ಬರೆದುಕೊಡುವ ಕೆಲಸ ನನಗೆ ಬಂತು. "ಅಪ್ಪ ಇಷ್ಟೊಂದು ಆಸ್ತಿ ಹೇಗೆ ಮಾಡಿದರು ಅನ್ನೋದೇ ಮುಖ್ಯ" ಅಂದರು ಮಕ್ಕಳು. ಮೂವತ್ತು ವರ್ಷ ಜೊತೆಗಿದ್ದ ಡ್ರೈವರ್ ಮುರುಗೇಶನ್ ಅವರನ್ನೂ ಕೇಳೋಣವೆಂದು ಹೋದೆ.

ವೆಸ್ಟ್ ಮಾಂಬಲಂನಲ್ಲಿ ಇಷ್ಟು ವರ್ಷ ಇದ್ದರೂ ನನ್ನ ತಮಿಳು ಅಷ್ಟಕ್ಕಷ್ಟೆ. ಕೂಡಿಹಾಕಿದರು ಅನ್ನೋದಕ್ಕೆ 'ಸೇತ್ತಾರ್' ಅನ್ನಬೇಕು. ನಾನು ದೀರ್ಘ ನುಂಗಿ, "ಅಯ್ಯಾ ಎಪ್ಪಡಿ ಸೆತ್ತಾರ್?" ಅಂದುಬಿಟ್ಟೆ. ಹಾಗಂದರೆ, ಹೇಗೆ ಸತ್ತರು ಅಂತ.

ಮುರುಗೇಶನ್ ತಮಿಳಿನಲ್ಲೇ ಹೇಳಿದರು: "ಕಾರಲ್ಲಿ ನನ್ನ ಪಕ್ಕ ಕೂತು ಬಾಳೆಕಾಯಿ ಬಜ್ಜಿ ತಿಂತಿದ್ರು ಸಾರ್. ಅರ್ಧ ಮುರಿದು ನನಗೆ ಕೊಟ್ರು. 'ಚೆನ್ನಾಗಿದೆ ಅಲ್ವಾ?' ಅಂದ್ರು. ಹಾಗೇ ಒರಗಿದ್ರು."

ನಾನು ಪ್ರಶ್ನೆ ತಿದ್ದಿಕೊಂಡು ಮತ್ತೆ ಕೇಳಿದೆ.

"ಅದನ್ನ ಆಡಿಟರ್ ಹತ್ರ ಕೇಳಿ" ಅಂದರು.

ನಾನು ಬರೆದುಕೊಟ್ಟಿದ್ದರಲ್ಲಿ ಓದುವಂತಿದ್ದದ್ದು ಆ ಬಜ್ಜಿಯೊಂದೇ. ಮಕ್ಕಳು ಕಟ್ಟಡ, ಕಾರ್ಖಾನೆಗಳನ್ನೆಲ್ಲ ಹಾಗೇ ಇಟ್ಟುಕೊಂಡು ಅದನ್ನು ಮಾತ್ರ ಹೊಡೆದುಹಾಕಿದರು. ಎಣ್ಣೆ ತಿಂಡಿ ಮುಟ್ಟಬಾರದು ಅಂತ ಡಾಕ್ಟರು ಅಪ್ಪನಿಗೆ ಹೇಳಿದ್ದರಂತೆ.