ಗುರವ್ವನ ಹಣೆ ತೊಳೆದವಳು

ಸತ್ತ ಹೆಂಗಸಿನ ಮೈಮೇಲಿನ ಒಡವೆ ಬಿಚ್ಚಿಕೊಂಡೇ ನಾವು ಮಣ್ಣು ಕೊಡುತ್ತೇವೆ. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಬೆರಳು ಬಾತಿದ್ದರೆ ಸೋಪು ಹಚ್ಚಿ ಉಂಗುರ ಎಳೆಯುತ್ತೇವೆ. ಮೂಗುಬೊಟ್ಟು ತಿರುಗಿಸಿ ತಿರುಗಿಸಿ ತೆಗೆಯುತ್ತೇವೆ. ತೆಗೆದದ್ದು ಯಾರ ಮುಷ್ಟಿಯೊಳಗೆ ಹೋಯಿತೆಂದು ಹೆಣದ ಪಕ್ಕದಲ್ಲೇ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತೇವೆ. ನಮ್ಮ ಕೈಗೆ ಸಿಗದೆ ಅವಳ ಜೊತೆಗೆ ಹೋಗುವುದು ಒಂದೇ, ಹಚ್ಚೆ. ಹಣೆಯ ಮೇಲಿನದು, ಗದ್ದದ ಮೇಲಿನದು, ಮುಂಗೈಯದು. ಬಂಗಾರ ಮನಿಗೆ, ಹಚ್ಚಿ ಮಣ್ಣಿಗೆ ಅಂತ ಹಳೆಯ ಹೆಂಗಸರು ಸುಮ್ಮನೆ ಹೇಳುತ್ತಿರಲಿಲ್ಲ.

ಇಂಡಿ ಊರಿನ ಭಾಗ್ಯಾ ಆ ಒಂದನ್ನೂ ಬಿಡಲಿಲ್ಲ.

ಭಾಗ್ಯಾ ಕೆಟ್ಟವಳಲ್ಲ. ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೆಟ್ಟವರ ಕತೆಯಾದರೆ ನೀವು ಓದಿ, ತಲೆ ಅಲ್ಲಾಡಿಸಿ, ನಿಮ್ಮನ್ನು ಬಿಟ್ಟು ಉಳಿದವರನ್ನೆಲ್ಲ ಬೈದು ಹಗುರಾಗಿಬಿಡುತ್ತೀರಿ.

ಲಚ್ಯಾಣದ ಹುಡುಗಿ. ಕರೋನಾ ಕಾಲದಲ್ಲಿ ಕಾಲೇಜಿಗೆ ಬೀಗ ಬಿದ್ದಾಗ ಗಾಜು ಸೀಳಿದ ಫೋನಿನ ಮೇಲೆ ಬೆರಳಿನಿಂದ ಚಿತ್ರ ಬರೆಯಲು ಕಲಿತಳು. ಗುರು ಇಲ್ಲ, ಸಾಲಿ ಇಲ್ಲ. ಬೆರಳು ದಪ್ಪ, ಪರದೆ ಸಣ್ಣದು, ಬರೆಯುವ ಗೆರೆಯನ್ನು ಬರೆಯುವ ಬೆರಳೇ ಮುಚ್ಚುತ್ತಿತ್ತು. ಅದಕ್ಕೇ ಒಂದೊಂದು ಕಣ್ಣನ್ನು ಪರದೆ ತುಂಬ ಹಿಗ್ಗಿಸಿಕೊಂಡು ಬರೆದಳು, ರೆಪ್ಪೆಯ ಕೂದಲು ಹುಲ್ಲಿನ ಎಸಳಿನಷ್ಟು ದೊಡ್ಡದಾಗುವವರೆಗೆ. ಮುಂದೆ ಪೆನ್ನಿರುವ ಟ್ಯಾಬ್ ಬಂತು. ಈಗ ಇಂಡಿ ಬಸ್ ಸ್ಟ್ಯಾಂಡಿನ ಹತ್ತಿರ ತೌಸಿಫನ ಫ್ಲೆಕ್ಸ್ ಅಂಗಡಿಯ ಮೂಲೆಯಲ್ಲಿ ಅವಳದೊಂದು ಕುರ್ಚಿ. ಅವಳು ಬರೆಯುತ್ತಾಳೆ, ತೌಸಿಫ ಮುದ್ರಿಸಿ ಫ್ರೇಮು ಹಾಕುತ್ತಾನೆ. ಸಿಂದಗಿಯಿಂದ, ಮುದ್ದೇಬಿಹಾಳದಿಂದ, ಬಸವನ ಬಾಗೇವಾಡಿಯಿಂದ ಸತ್ತವರ ಮುಖಗಳು ಅವಳ ಫೋನಿಗೆ ಬರುತ್ತವೆ. ಮಬ್ಬು ಮುಖ, ಅರ್ಧ ಮುಖ, ಆಧಾರ್ ಕಾರ್ಡಿನ ಬೆದರಿದ ಮುಖ. ಗೋಡೆಗೆ ಹಾಕಿ ಊದುಬತ್ತಿ ಹಚ್ಚುವಂಥ ಮುಖವಾಗಿ ಅವು ತಿರುಗಿ ಹೋಗಬೇಕು.

ಅವಳ ಕೆಲಸ ಹೀಗೆ. ಬಂದ ಫೋಟೊವನ್ನು ಮಂಕು ಮಾಡಿ ಎಲ್ಲಕ್ಕಿಂತ ಕೆಳಗೆ ಹಾಸುತ್ತಾಳೆ. ಅದರ ಮೇಲೆ ಗಾಜಿನಂಥ ಒಂದು ಖಾಲಿ ಲೇಯರ್. ಆ ಗಾಜಿನ ಮೇಲೆ ನೀಲಿ ಗೆರೆಯಲ್ಲಿ ತಲೆಯ ಗುಂಡು, ಮೂಗಿನ ದಂಡೆ, ದವಡೆಯ ತಿರುವು. ಆಮೇಲೆ ಕೆಳಗಿನ ಫೋಟೊ ಮರೆಮಾಡಿ, ಗೆರೆಗಳಷ್ಟೇ ನಿಂತು ಮನುಷ್ಯರಂತೆ ಕಾಣುತ್ತವೆಯೋ ಇಲ್ಲವೋ ನೋಡುತ್ತಾಳೆ. ಕಂಡರೆ ಇನ್ನೊಂದು ಲೇಯರಿನಲ್ಲಿ ಮೈಬಣ್ಣ, ಅದರ ಮೇಲೆ ನೆರಳು, ಅದರ ಮೇಲೆ ಬೆಳಕು. ಕಣ್ಣಿನೊಳಗಿನ ಬಿಳಿ ಚುಕ್ಕೆ ಕಟ್ಟಕಡೆಗೆ. ಅದನ್ನಿಟ್ಟ ಕೂಡಲೇ ಸತ್ತವರು ನೋಡತೊಡಗುತ್ತಾರೆ.

ಆದರೆ ಇದೆಲ್ಲಕ್ಕೂ ಮೊದಲು ಇನ್ನೊಂದು ಕೆಲಸವಿತ್ತು. ಅವಳೇ ಇಟ್ಟ ಹೆಸರು, ಮಾರಿ ತೊಳಿಯೋದು. ಪಕ್ಕದ ಚರ್ಮವನ್ನೇ ಎರವಲು ತಂದು ಕಲೆಯ ಮೇಲೆ ಬಳಿಯುವ ಕುಂಚವೊಂದಿದೆ. ಅದರಿಂದ ಮಚ್ಚೆ, ಸಿಡುಬಿನ ಕುಳಿ, ಸುಕ್ಕು ಎಲ್ಲವನ್ನೂ ಒರೆಸಿ, ಬಣ್ಣವನ್ನು ಒಂದು ಪಟ್ಟು ಬೆಳ್ಳಗೆ ಮಾಡಿ, ಮೂಲ ಫೋಟೊದ ಜಾಗದಲ್ಲೇ ಸೇವ್ ಮಾಡಿಬಿಡುತ್ತಿದ್ದಳು. ಟ್ಯಾಬಿನಲ್ಲಿ ಜಾಗ ಕಡಿಮೆ. ಫೋನಿಗೆ ಬಂದದ್ದನ್ನೂ ಆಗಾಗ ಅಳಿಸುತ್ತಿದ್ದಳು.

ಝಳಕಿಯಲ್ಲಿ ಹೆದ್ದಾರಿ ಬದಿಗೆ ಖಾನಾವಳಿ ಇಟ್ಟಿರುವ ಮಾಳಿಂಗ ಬಂದದ್ದು ಅವನ ತಾಯಿ ಗುರವ್ವ ತೀರಿಕೊಂಡ ವರ್ಷದ ಪೂಜೆ ಹತ್ತಿರವಾದಾಗ. ಗುರವ್ವ ಅಗರಖೇಡದಲ್ಲಿ ಕುರಿ ಕಾದು ಅವನನ್ನು ಬೆಳೆಸಿದವಳು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು.

"ಅಕ್ಕಾರ, ಖಾನಾವಳ್ಯಾಗ ರೊಕ್ಕದ ಗಲ್ಲೆ ಮ್ಯಾಲ ಹಾಕಾವ ಅದೇನಿ. ಸೋಲಾಪುರದ ಕಾರಿನ ಮಂದಿ ಬರ್ತಾರ. ನೋಡಿದವ್ರು ಇನ್ನೊಮ್ಮಿ ನೋಡಬೇಕ ನೋಡ್ರಿ."

"ಫೋಟೊ ಇದೊಂದ ಏನ್ರಿ?"

"ಇದೊಂದರೀ. ಹೆಂಡತಿ ಹಳೇ ಫೋನಿನ್ಯಾಗ ಇತ್ತು. ಫೋನ್ ಕೊಟ್ಟು ಹೊಸಾದು ತಗೊಳ್ಳೂ ಮುಂದ ನಿಮಗ ಕಳಿಸಿದ್ನಿ. ನಮ್ಮವ್ವ ಫೋಟೊ ತಗಸ್ಕೊಳ್ಳಾಕಿ ಅಲ್ಲರಿ. ನಮ್ಮ ಕುರಿ ತಗಸ್ಕೊಂಡಾವು, ಆಕಿ ತಗಸ್ಕೊಂಡಿಲ್ಲ."

ಯಂತ್ರದ ಹಿಂದಿನಿಂದ ತೌಸಿಫ ಕೂಗಿದ, "ಕುರೀದರ ಕೊಡ್ರಿ ಮಾಳಿಂಗಣ್ಣ, ಬರ್ತಡೇ ಫ್ಲೆಕ್ಸ್ ಹೊಡಿಯೂನು!"

ಮಾಳಿಂಗ ನಕ್ಕ. ನಕ್ಕು, ಸ್ವಲ್ಪ ಬಾಗಿ, ದನಿ ಇಳಿಸಿದ. "ಹಣೀ ಮ್ಯಾಲಿಂದು... ಆ ಹಸರ ಹಸರಂದು... ಒಂದೀಟು ತೊಳದ ಬಿಡ್ರಿ. ಹಳ್ಳಿಗ್ವಾಡ ಕಾಣತೈತಿ."

"ಅದನ್ನ ಮೊದಲ ತೊಳಿತೇನ್ರಿ," ಎಂದಳು ಭಾಗ್ಯಾ. ಅವನು ಹೇಳುವ ಅಗತ್ಯವೇ ಇರಲಿಲ್ಲ.

ಕುರಿದೊಡ್ಡಿಯ ಮುಂದೆ ನಡುಹಗಲಲ್ಲಿ ತೆಗೆದ ಫೋಟೊ. ಯಾರೋ ಕರೆದರೆಂದು ತಿರುಗಿದ್ದಾಳೆ ಗುರವ್ವ, ಸೆರಗು ಜಾರಿದೆ, ಹಣೆ ಪೂರಾ ಕಾಣುತ್ತಿದೆ. ಭಾಗ್ಯಾ ಆ ಹಣೆಯನ್ನು ಪರದೆ ತುಂಬ ಹಿಗ್ಗಿಸಿಕೊಂಡಳು. ಹಚ್ಚೆ ಅವಳ ಕಣ್ಣ ಮುಂದೆ ಅಂಗೈಯಷ್ಟು ದೊಡ್ಡದಾಗಿ ಬಂದು ನಿಂತಿತು. ನೋಡಿದಳು. ಕಲೆಯನ್ನು ನೋಡುವಂತೆ ನೋಡಿದಳು. ಹಚ್ಚೆಯವಳು ಸೂಜಿಯಿಂದ ಚುಚ್ಚಿ ಚುಚ್ಚಿ ರಕ್ತದ ಜೊತೆಗೆ ಕೂರಿಸಿದ್ದನ್ನು ಪೆನ್ನಿನ ಮೊನೆ ಆಚೀಚೆ ಆಡಿಸಿ ತೆಗೆದಳು. ಸುಲಭವಾಗಿ ಹೋಯಿತು.

ಚಿತ್ರ ಚಂದ ಬಂತು, ಅದರಲ್ಲಿ ಮಾತಿಲ್ಲ. ಜರಿಸೀರೆ, ಗೋದಿಬಣ್ಣದ ಗಲ್ಲ, ನುಣ್ಣನೆಯ ಹಣೆ. "ನಿಮ್ಮವ್ವ ಭಾರಿ ರೂಪವಂತಿ ಇದ್ಲ ಬಿಡ್ರಿ," ಎಂದು ಊಟಕ್ಕೆ ಬಂದವರು ಅನ್ನತೊಡಗಿದರು. ಮಾಳಿಂಗ ಹಿಗ್ಗಿದ.

ಪೂಜೆಯ ಮರುದಿನ ಗುರವ್ವನ ತಂಗಿ ಸಾತವ್ವ ಇಂಡಿಯ ಬಸ್ಸು ಹತ್ತಿ, ಕೇಳಿಕೊಂಡು ಕೇಳಿಕೊಂಡು ಅಂಗಡಿಗೆ ಬಂದಳು.

"ನಮ್ಮ ಗುರವ್ವನ ಚಿತ್ರಾ ಮಾಡಿದಾಕಿ ನೀನ ಏನು?"

"ಹೌದ್ರಿ ಆಯಿ. ಕುಂದರ್ರಿ."

"ಕುಂದ್ರಾಕ ಬಂದಿಲ್ಲ ನಾ," ಎನ್ನುತ್ತಲೇ ಮೊಣಕಾಲು ಹಿಡಿದುಕೊಂಡು ಕುಳಿತಳು.

"ಚಂದ ಆಗಿಲ್ಲೇನ್ರಿ?"

"ಚಂದ ಆಗೇತಿ. ಯಾರಕಿ?"

ಭಾಗ್ಯಾ ಟ್ಯಾಬಿನಲ್ಲಿ ಗುರವ್ವನ ಚಿತ್ರ ತೆರೆದು ಹಿಡಿದಳು. ಸಾತವ್ವ ಅದರ ಹಣೆಯ ಮೇಲೆ ಬೆರಳಿಟ್ಟು ಹೇಳಿದಳು. "ಗುರವ್ವನ ಗಂಡ ಸತ್ತಾಗ ಅಕಿ ಕುಂಕುಮ ಅಳಿಸಿದಾಕಿ ನಾನ. ಗಂಡ ಸತ್ತಾಕಿ ಕೈಲೇನ ಅಳಿಸ್ಬೇಕಂತ, ನನ್ನ ಕುಂಕುಮ ಮೊದಲ ಹೋಗಿತ್ತಲ್ಲ, ನನ್ನ ಮುಂದ ದೂಡಿದ್ರು. ಬಳಿ ಒಡದ್ನಿ. ಕುಂಕುಮ ಒರಸಿದ್ನಿ. ಒರಸಿದ್ರ ಕೆಳಗ ಹಚ್ಚಿ ಹಸರಗ ಹಂಗ ಐತಿ. ಆವಾಗ ಅಕಿ ಏನಂದ್ಲು ಗೊತ್ತೇನ? 'ಸಾತಿ, ಇದನ್ನೂ ಒರಸ ನೋಡೂನು' ಅಂದ್ಲು. ನಕ್ಕಳವ್ವಾ! ಅಂಥಾ ದಿನ ನಕ್ಕಳು." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಾ ಒರಸಿದ್ರ ಹೋಗ್ಲಿಲ್ಲ. ನೀ ಒರಸಿದಿ, ಹೋತು."

ತೌಸಿಫನ ಯಂತ್ರ ನಡೆಯುತ್ತಲೇ ಇತ್ತು. ಅವನೇ ಎದ್ದು ಬಂದು ಬಂದ್ ಮಾಡಿದ.

"ತಪ್ಪಾತ್ರಿ ಆಯಿ," ಎಂದಳು ಭಾಗ್ಯಾ. "ತೊಳಿಯೂ ಮೊದಲಿನ ಫೋಟೊ ಉಳದಿಲ್ರಿ. ಹೆಂಗಿತ್ತು ಹೇಳ್ರಿ. ಈಗಿಂದೀಗ ಹಾಕ್ತೇನಿ."

ಸಾತವ್ವ ಬೆರಳೆತ್ತಿದಳು. "ಹಿಂಗ... ನಡುವ ಒಂದ ಗೀಟು."

"ಉದ್ದೋ ಅಡ್ಡೋ?"

"ಉದ್ದ. ಮ್ಯಾಲ ಬಾಗಿತ್ತು, ಚಂದ್ರಾಮನಂಗ." ಬೆರಳು ಗಾಳಿಯಲ್ಲೇ ನಿಂತಿತು. "ಇಲ್ಲ. ಅದು ನಮ್ಮವ್ವಂದು. ಗುರವ್ವಂದು... ಕೆಳಗ ಚುಕ್ಕಿ ಇತ್ತು. ಬಾಜೂಕ ಇತ್ತೇನ?"

ಭಾಗ್ಯಾ ಬರೆದು ತೋರಿಸಿದಳು. ಹಸಿರು ಬಣ್ಣ ಚರ್ಮದ ಮೇಲೆ ಅಂಟಿಸಿದ ಟಿಕಳಿಬೊಟ್ಟಿನಂತೆ ಕಂಡಿತು. ಮೈಬಣ್ಣದ ಲೇಯರಿನ ಕೆಳಗೆ ಹಸಿರನ್ನು ಸರಿಸಿ, ಮೇಲಿನ ಬಣ್ಣವನ್ನು ಅಷ್ಟಷ್ಟೇ ತೆಳುವು ಮಾಡಿದಳು. ಆಗ ಅದು ಚರ್ಮದ ಒಳಗಿನಿಂದ ಮೂಡಿದಂತಾಯಿತು. ಕೈಗೆ ಹೇಗೆ ಮಾಡಬೇಕೆಂಬುದು ತಿಳಿಯಿತು, ಏನು ಮಾಡಬೇಕೆಂಬುದು ತಿಳಿಯಲಿಲ್ಲ. ಗೀಟು ಹಾಕಿದರೆ ಸಾತವ್ವ ಅಲ್ಲ ಎನ್ನುವಳು. ಅಳಿಸಿ ಚುಕ್ಕೆ ಇಟ್ಟರೆ, ಹೌದು ಎಂದು, ಮರುಕ್ಷಣ ಅಲ್ಲ ಎನ್ನುವಳು.

"ಹಚ್ಚಿಯಾಕಿ ಬಂದ ದಿನ ನಾ ಓಡಿ ಹೋಗಿ ಜ್ವಾಳದ ಹೊಲದಾಗ ಅಡಗಿದ್ನಿ. ಅಕಿ ಒಬ್ಬಾಕಿನ ಕುಂತ್ಲು," ಎಂದಳು ಸಾತವ್ವ. ಬೈಯಲು ಬಂದವಳ ದನಿ ಉಡುಗಿತ್ತು. "ದಿನಾ ಕಾಣೂ ಮಾರೀನ ಯಾರರ ನೋಡತಾರೇನ ಮಗಳ?"

ಮಾಳಿಂಗನಿಗೆ ಫೋನು ಹಚ್ಚಿದರು.

"ಹೆಂಗಿತ್ತು ಅಂದ್ರ... ಚುಕ್ಕಿ ಇದ್ವಲ್ಲರಿ."

"ಎಷ್ಟು?"

"ಇದ್ದುವು ಒಂದಿಷ್ಟು. ಈಗ್ಯಾಕ್ರಿ ಅಕ್ಕಾರ ಅದು? ಚಂದ ಐತಿ ಬಿಡ್ರಿ."

ಸಾತವ್ವ ಫೋನು ಕಸಿದುಕೊಂಡಳು. "ಎದೀ ಹಾಲು ಕುಡಿಯೂ ಮುಂದ ಎತ್ತ ನೋಡತಿದ್ದ್ಯೋ ನೀ, ಮಾಳ್ಯಾ?"

ಆ ಕಡೆ ತಾಟುಗಳ ಸಪ್ಪಳ. "ಚಿಗವ್ವ, ಗಿರಾಕಿ ಅದಾರ," ಎಂದು ಮಾಳಿಂಗ ಇಟ್ಟುಬಿಟ್ಟ.

ತಾಯಿಯ ಹಣೆಯ ಮೇಲೆ ಏನು ಬರೆದಿತ್ತೆಂದು ಮಗನಿಗೆ ಗೊತ್ತಿಲ್ಲ. ತೊಳೆಯಿರಿ ಎನ್ನಲು ಮಾತ್ರ ಗೊತ್ತಿತ್ತು. ಅದು ಎಲ್ಲಿದೆ ಎಂದು ಗೊತ್ತಿದ್ದದ್ದೂ ಅಷ್ಟಕ್ಕೇ.

ಭಾಗ್ಯಾ ಅಗರಖೇಡಕ್ಕೆ ಹೋದಳು. ಸಾತವ್ವನ ಮನೆಯಲ್ಲಿ ಮದುವೆ ಆಲ್ಬಮ್ಮುಗಳನ್ನೆಲ್ಲ ತೆಗೆಸಿದಳು. ಗುರವ್ವ ಇದ್ದಳು. ಎಲ್ಲ ಕಡೆ ಹಿಂದಿನ ಸಾಲಿನಲ್ಲಿ ಇದ್ದಳು. ಒಂದರಲ್ಲಿ ಯಾರದೋ ತಲೆಯ ಪಟಗದ ಹಿಂದೆ ಅರ್ಧ ಮುಖ, ಒಂದರಲ್ಲಿ ಬರೀ ಭುಜ. ಗಂಡ ಸತ್ತವಳು ಅಕ್ಷತೆಯ ಹೊತ್ತಿಗೆ ಮುಂದೆ ಬರುವ ಹಾಗಿಲ್ಲವಲ್ಲ, ಫೋಟೊದವನ ಮುಂದೆಯೂ ಬಂದಿಲ್ಲ. ಮುಖ ಕಂಡಲ್ಲೆಲ್ಲ ಸೆರಗು ಹುಬ್ಬಿನವರೆಗೆ ಇಳಿದಿತ್ತು.

ಅದನ್ನು ನೋಡಿದ್ದೇ ಅವಳಿಗೊಂದು ದಾರಿ ಹೊಳೆಯಿತು. ಅಂಗಡಿಗೆ ಬಂದು ಗುರವ್ವನ ಸೆರಗನ್ನು ಹುಬ್ಬಿನವರೆಗೆ ಇಳಿಸಿ ಬರೆದಳು. ಅಂಚಿನ ನೆರಳು ಹಣೆಯ ಮೇಲೆ ಬೀಳುವಂತೆ, ಮಡಿಕೆಗಳು ಗಾಳಿಗೆ ಅಲುಗಿದಂತೆ. ಅವಳು ಅಲ್ಲಿಯವರೆಗೆ ಬರೆದದ್ದರಲ್ಲೆಲ್ಲ ಒಳ್ಳೆಯ ಕೆಲಸ ಅದು. ಮಾಳಿಂಗ ಫೋನಿನಲ್ಲಿ ನೋಡಿ, ಇದೂ ಚಲೋ ಐತ್ರಿ ಎಂದ. ಭಾಗ್ಯಾಗೆ ಉಸಿರು ಬಂದಂತಾಯಿತು.

ಸಾತವ್ವ ಬಂದು ಚಿತ್ರವನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು.

"ಬದುಕಿದ್ದಾಗ ನಾವ ಮುಚ್ಚಿಸಿದ್ವಿ. ಈಗ ನೀನೂ ಮುಚ್ಚಿದಿ."

"ಮತ್ತೇನ್ ಮಾಡ್ಲಿರಿ ಆಯಿ?"

"ನನಗೇನ ಗೊತ್ತವ್ವ? ನಾ ಏನ ಚಿತ್ರಾ ಬರಿಯಾಕಿ ಏನು?"

ಆ ಮಧ್ಯಾಹ್ನ ಭಾಗ್ಯಾ ಉಣ್ಣಲಿಲ್ಲ. ಕೆಳಗೆ ಫೋಟೊ ಹಾಸದೆ, ಖಾಲಿ ಪರದೆಯ ಮೇಲೆ ನೀಲಿ ಗೆರೆಯಿಂದ ಹೊಸದಾಗಿ ಶುರು ಮಾಡಿದಳು. ಬಿಸಿಲಿಗೆ ಸುಟ್ಟ ಬಣ್ಣ ಬಂತು, ಒಡೆದ ತುಟಿ ಬಂತು, ಕಣ್ಣಂಚಿನ ಸುಕ್ಕುಗಳು ಬಂದವು. ಸೆರಗನ್ನು ಹಿಂದಕ್ಕೆ ಸರಿಸಿದಳು. ಹಣೆಗೆ ಸುತ್ತಲೂ ಬಣ್ಣ ತುಂಬುತ್ತ ತುಂಬುತ್ತ ನಡುವಿಗೆ ಬಂದು ಪೆನ್ನು ಎತ್ತಿಬಿಟ್ಟಳು. ಅಷ್ಟು ಜಾಗ ಹಾಗೇ ಉಳಿಯಿತು. ಬಿಳಿ, ಅದರ ಮೇಲೆ ಮೊದಲಿನ ನೀಲಿ ಗೆರೆ, ಅಷ್ಟೇ.

"ಅಕ್ಕಾ, ಇಲ್ಲಿ ಇಂಕ್ ಬಿದ್ದಿಲ್ಲ ನೋಡು. ಇನ್ನೊಮ್ಮಿ ಹೊಡಿಲೇನ?" ಎಂದ ತೌಸಿಫ.

"ಬಿದ್ದಿಲ್ಲ ಅಲ್ಲೋ. ಹಾಕಿಲ್ಲ."

"ಯಾಕ?"

"ಏನಿತ್ತು ಅಂತ ಗೊತ್ತಿಲ್ಲ. ಅದಕ್ಕ."

ಮಾಳಿಂಗ ಅದನ್ನು ಒಯ್ಯಲಿಲ್ಲ. ಅರ್ಧಾ ಚಿತ್ರಾ ಗ್ವಾಡಿಗೆ ಹಾಕಿದ್ರ ಮಂದಿ ನಗತಾರ್ರಿ ಎಂದ. ಝಳಕಿಯಲ್ಲಿ ಈಗಲೂ ನುಣ್ಣನೆಯ ಹಣೆಯವಳೇ ಇದ್ದಾಳೆ, ನೀವು ಆ ದಾರಿಯಲ್ಲಿ ಹೋದರೆ ಅವಳ ಕೆಳಗೇ ಕುಳಿತು ಜೋಳದ ರೊಟ್ಟಿ ತಿನ್ನಬಹುದು. ಅರ್ಧ ಚಿತ್ರವನ್ನು ಸಾತವ್ವ ಒಯ್ದಳು. ಅವಳ ಮನೆಗೆ ಬಂದ ಹೆಂಗಸರು ಆ ಬಿಳಿ ಜಾಗದ ಮೇಲೆ ಬೆರಳಿಟ್ಟು ಜಗಳಾಡುತ್ತಾರೆ. ಇಲ್ಲೆ ಗೀಟಿತ್ತು ಎನ್ನುತ್ತಾಳೆ ಒಬ್ಬಳು. ನಿನ್ನ ಕಣ್ಣ ಹೋಗ್ಯಾವು, ಬಾಳಿಕಾಯಿ ಹಚ್ಚಿ ಇತ್ತು ಎನ್ನುತ್ತಾಳೆ ಇನ್ನೊಬ್ಬಳು. ಇನ್ನೂ ಒಮ್ಮತಕ್ಕೆ ಬಂದಿಲ್ಲ. ಬರುವುದೂ ಇಲ್ಲ.

ಭಾಗ್ಯಾ ಈಗ ಮಾರಿ ತೊಳೆಯುವುದಿಲ್ಲ. ಬಂದವರನ್ನು, ಅವರ ಹಣೀ ಮ್ಯಾಲ ಏನಿತ್ರಿ ಎಂದು ಕೇಳುತ್ತಾಳೆ. ಕೆಲವರು ತಡವರಿಸುತ್ತಾರೆ, ಕೆಲವರು ಸಿಟ್ಟಿಗೆದ್ದು ಬೇರೆ ಅಂಗಡಿಗೆ ಹೋಗುತ್ತಾರೆ. ಇದರಿಂದ ಅವಳ ಮನಸ್ಸು ಹಗುರಾಯಿತೆಂದು ನಾನು ಬರೆದರೆ ಸುಳ್ಳಾಗುತ್ತದೆ. ಗುರವ್ವನಿಗೆ ಬಸ್ಸು ಹತ್ತಿ ಬರುವ ತಂಗಿಯೊಬ್ಬಳು ಇದ್ದಳು. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಗೋಡೆಗಳ ಮೇಲೆ ಭಾಗ್ಯಾ ತೊಳೆದು ಕಳಿಸಿದ ಹೆಂಗಸರು ಇನ್ನೂ ಎಷ್ಟೋ. ಅವರ ಪರವಾಗಿ ಯಾರೂ ಬಂದು, ಯಾರಕಿ ಎಂದು ಕೇಳಲಿಲ್ಲ. ಯಾರೂ ಕೇಳಲಿಲ್ಲವೆಂಬುದೇ ಅವಳನ್ನು ಹೆಚ್ಚು ತಿನ್ನುತ್ತದೆ. "ಸಾತವ್ವಾಯಿ ಬೈದ್ಲು, ಚಲೋ ಆತು," ಎನ್ನುತ್ತಾಳೆ. "ಉಳದವ್ರದು ಯಾರ ಹತ್ರ ಬೈಸ್ಕೊಳ್ಳಲಿ?"

ಅವಳ ಪಾಲಿನದನ್ನು ಅವಳು ಹೊತ್ತಿದ್ದಾಳೆ. ಪೆನ್ನು ಅವಳ ಕೈಯಲ್ಲಿತ್ತು ನಿಜ, ತೊಳೆಯಿರಿ ಅಂದವರು ನಾವು. ನಿಮ್ಮ ಅವ್ವ ಇದ್ದಾಳೆಯೇ? ಅವ್ವನ ಅವ್ವ, ಆಯಿ ಇದ್ದಾಳೆಯೇ? ಹಾಗಾದರೆ ಈ ಹಾಳೆ ಕೆಳಗಿಡಿ. ಎದ್ದು ಹೋಗಿ. ಅವಳನ್ನು ಬಾಗಿಲ ಬೆಳಕಿಗೆ ಕರೆದು ಕೂರಿಸಿ, ಸೆರಗು ಹಿಂದಕ್ಕೆ ಸರಿಸವ್ವಾ ಎಂದು ಕೇಳಿ. ಹಣೆ ನೋಡಿ, ಗದ್ದ ನೋಡಿ, ಮುಂಗೈ ನೋಡಿ. ಯಾರು ಚುಚ್ಚಿದರು, ಆಗ ನೀ ಅತ್ತಿಯೋ, ನಕ್ಕಿಯೋ ಎಂದು ಕೇಳಿ. ಫೋನು ಆಮೇಲೆ ತೆಗೆಯಿರಿ. ಮೊದಲು ಕಣ್ಣಿಂದ ನೋಡಿ.