ಎದುರು ಗೋಲಿನಲ್ಲಿ ಅಣ್ಣ

ಮಾನ್ವಿಯಲ್ಲಿ ನಮ್ಮ ಅಕ್ಕಿ ಗಿರಣಿಯ ಹಿಂದೆ ಸಿಮೆಂಟಿನ ವಿಶಾಲವಾದ ಅಂಗಳವಿತ್ತು. ಹಗಲೆಲ್ಲ ಅಲ್ಲಿ ಭತ್ತ ಒಣಗುತ್ತಿತ್ತು. ಭತ್ತ ಎತ್ತಿದ ಸಂಜೆ ಮಾತ್ರ ಅದು ನಮ್ಮದು, ಅಂದರೆ ನನ್ನದು ಮತ್ತು ನನ್ನಣ್ಣ ಬಸಣ್ಣನದು. ನುಣುಪಾದ ಸಿಮೆಂಟಿನ ಮೇಲೆ ಚೆಂಡು ಕಾಲುವೆಗೆ ಬಿಟ್ಟ ನೀರಿನಂತೆ ಓಡುತ್ತದೆ, ಗೆಳೆಯರೇ; ಅದರ ಬೆನ್ನುಹತ್ತಿ ಹಿಡಿದು ಪಳಗಿಸುವುದರಲ್ಲೇ ನನ್ನ ಬಾಲ್ಯ ಕಳೆಯಿತು. ಅಂಗಳದ ಆ ತುದಿಯಲ್ಲಿ ಹೊಟ್ಟಿನ ರಾಶಿ, ಅದರ ಮುಂದೆ ಅಣ್ಣ. ನಾನು ಹೊಡೆದ ಚೆಂಡಿಗೆಂದು ಅತ್ತಿತ್ತ ಹಾರಿ ಅವನು ಹೊಟ್ಟಿನಲ್ಲಿ ಬಿದ್ದರೆ ಮೈಯೆಲ್ಲ ತುರಿಸುತ್ತಿತ್ತೇ ಹೊರತು ನೋಯುತ್ತಿರಲಿಲ್ಲ. ಹಾಗಾಗಿ ಬೀಳುವ ಭಯವೆಂಬುದೇ ಅವನಲ್ಲಿ ಹುಟ್ಟಲಿಲ್ಲ. ಜಿಲ್ಲೆಯಲ್ಲಿ ಅವನಂಥ ಗೋಲ್‌ಕೀಪರ್ ಇನ್ನೊಬ್ಬನಿರಲಿಲ್ಲವೆಂದರೆ ಅದು ತಮ್ಮನ ಪಕ್ಷಪಾತವೆಂದು ತಿಳಿಯಬೇಡಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ, ದೇವದುರ್ಗದ ಒಂದು ಫುಟ್‌ಬಾಲ್ ಪಂದ್ಯಾವಳಿಯಲ್ಲಿ ನನ್ನ ಕಾಲುಗಳಿಗೂ ಕಾಲ ಕೂಡಿ ಬಂತು. ಗಿರಣಿಯ ಕೆಲಸ ಬಿಟ್ಟು ಅಣ್ಣ ಅಲ್ಲಿಗೆ ಬಂದಿರಲಿಲ್ಲ. ಹೈದರಾಬಾದಿನ ಕಾರ್ಖಾನೆಯೊಂದರ ತಂಡಕ್ಕೆ ಕೋಚ್ ಆಗಿದ್ದ ಸಾಹೇಬರೊಬ್ಬರು ಬಂಧುಗಳ ಮದುವೆಗೆಂದು ಆ ಊರಿಗೆ ಬಂದಿದ್ದರು. ಊಟದ ಕರೆ ಬರುವವರೆಗೆ ಹೊತ್ತು ಹೋಗಲೆಂದು ಮೈದಾನಕ್ಕೆ ಬಂದವರು, ನನ್ನ ಆಟ ನೋಡುತ್ತ ಊಟವನ್ನೇ ಮರೆತರಂತೆ. ಮರುದಿನವೇ ಮಾನ್ವಿಗೆ ಬಂದು, ನಮ್ಮವ್ವನೆದುರು ಕುಳಿತು, ಹುಡುಗನನ್ನು ಕಳಿಸಿಕೊಡಿ, ಚೆಂಡಾಡುವುದೇ ಅವನ ನೌಕರಿ, ತಿಂಗಳಾದರೆ ಸಂಬಳ ಎಂದರು.

ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ಯಪ್ಪಾ, ಒದಿಯೋದಕ್ಕೂ ಪಗಾರ ಕೊಡ್ತಾರೇನ್ರಿ? ಹಂಗಿದ್ರ ನಮ್ಮ ಎಮ್ಮಿನೂ ಕರ್ಕೊಂಡು ಹೋಗ್ರಿ, ದಿನಾ ಒದೀತದ!"

ಅಣ್ಣ ಮಾತ್ರ ನಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಗಿರಣಿಯ ಭಾರವೆಲ್ಲ ಅವನ ಹೆಗಲಿಗೇರಿತ್ತು. "ಇಲ್ಲಿದು ನಾ ನೋಡ್ಕೋತೀನಿ. ನೀ ಹೋಗಲೇ ಶರಣಾ," ಎಂದು ನನ್ನ ಬೆನ್ನು ತಟ್ಟಿದ. ಆ ಅಂಗೈ ಎಷ್ಟು ಬಿಸಿಯಾಗಿತ್ತೆಂದು ಇಂದಿಗೂ ನೆನಪಿದೆ.

ಹೈದರಾಬಾದಿನಲ್ಲಿ ನಾನು ಕಾದದ್ದು ಮೈದಾನದ ಹೊರಗಿನ ಬೆಂಚನ್ನು. ಅಪರೂಪಕ್ಕೆ ಕಣಕ್ಕಿಳಿಸಿದರೆ ಎಲ್ಲಿಂದಲಾದರೂ ಸರಿ, ಗೋಲಿಗೇ ಹೊಡೆಯುತ್ತಿದ್ದೆ. "ಅರೇ ಬೇಟಾ, ನಿನಗ ಗೋಲ್ ಕಾಣ್ತದ, ಬಾಜೂಕಿನ ದೋಸ್ತ್ ಕಾಣಂಗಿಲ್ಲ," ಎಂದು ಸಾಹೇಬರು ತಲೆ ಚಚ್ಚಿಕೊಳ್ಳುತ್ತಿದ್ದರು. ಆಟದ ಹಂಗಾಮಿನ ಕೊನೆಗೆ ರಾಯಚೂರಿನಲ್ಲಿ ಒಂದು ಪ್ರದರ್ಶನ ಪಂದ್ಯ ಗೊತ್ತಾಯಿತು. ನಿನ್ನ ಸೀಮೆಯಲ್ಲಿ ಆಡು, ಇಟ್ಟುಕೊಳ್ಳುವುದೋ ಕಳಿಸುವುದೋ ಆಮೇಲೆ ನೋಡೋಣ ಎಂದರು. ಎದುರಾಳಿ ರಾಯಚೂರಿನ ಆಯ್ದ ತಂಡ. ಅದರ ಗೋಲ್‌ಕೀಪರ್ ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

ನನ್ನನ್ನು ಕರೆದೊಯ್ಯಲು ರಾಯಚೂರು ಸ್ಟೇಶನ್ನಿಗೆ ಬಂದ ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವನು ನನ್ನ ಚೀಲ ಎತ್ತಿಕೊಂಡು, "ಹಂಗಾದ್ರ ಛಲೋತ್ನಂಗ ಆಡು. ನಾ ಅಂತೂ ಬಿಡಂಗಿಲ್ಲ," ಎಂದ.

ಬಿಡಲಿಲ್ಲ! ಮೈದಾನದ ಸುತ್ತ ಜನವೋ ಜನ. ಗೋಡೆಯ ಮೇಲೆ, ಬೇವಿನ ಕೊಂಬೆಗಳ ಮೇಲೆ, ನಿಲ್ಲಿಸಿದ ಲಾರಿಯ ಮೇಲೂ ಜನ. ನನ್ನ ಮೊದಲ ಹೊಡೆತವನ್ನು ಅಣ್ಣ ಗಾಳಿಯಲ್ಲಿ ಅಡ್ಡಡ್ಡ ಮಲಗಿ ತಡೆದ, ಎರಡನೆಯದನ್ನು ಬೆರಳ ತುದಿಯಿಂದ ಮೇಲಕ್ಕೆ ಚಿಮ್ಮಿಸಿದ. ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ ಅವ್ವ ಎದ್ದು ನಿಂತು, "ಶರಣಾ, ಮೆಲ್ಲಗ ಹೊಡಿಯೋ, ಅಣ್ಣಗ ಬಡದೀತು!" ಎಂದು ಕೂಗಿದಳು. ಮರುಗಳಿಗೆಯಲ್ಲೇ, "ಬಸಣ್ಣಾ, ಸಣ್ಣಾಂವ ಅದಾನ, ಒಂದಾರ ಬಿಡೋ!" ಎಂದಳು. ಇಡೀ ಮೈದಾನ ಘೊಳ್ಳೆಂದು ನಕ್ಕಿತು.

ನನಗೆ ಮಾತ್ರ ನಗು ಬರಲಿಲ್ಲ. ಅಣ್ಣ ಕರುಣೆ ತೋರಿ ಒಂದನ್ನು ಬಿಟ್ಟರೆ ನಾನು ಜನ್ಮವಿಡೀ ಆ ಗೋಲನ್ನು ಹೊತ್ತು ತಿರುಗಬೇಕಲ್ಲ ಎಂಬ ದಿಗಿಲಿನಲ್ಲಿ ಮುಂದಿನ ಹೊಡೆತ ಸಪ್ಪಗಾಯಿತು. ಚೆಂಡನ್ನು ತಬ್ಬಿಕೊಂಡ ಅಣ್ಣ ಗದರಿದ: "ಹೈದರಾಬಾದ್ನಾಗ ಉಪವಾಸ ಕೆಡವ್ಯಾರೇನಲೇ? ಜೋರ ಹೊಡಿ!"

ಆ ಬೈಗುಳ ನನ್ನೆಲ್ಲ ದಿಗಿಲನ್ನೂ ತೊಳೆದುಹಾಕಿತು. ಆಟ ಮುಗಿಯುವ ಹೊತ್ತಿಗೆ ಚೆಂಡು ಮತ್ತೆ ನನ್ನ ಕಾಲಿಗೆ ಬಂತು. ಇಬ್ಬರನ್ನು ದಾಟಿದೆ, ಬಲಗಾಲು ಎತ್ತಿದೆ. ನಾನು ಎತ್ತ ಹೊಡೆಯುತ್ತೇನೆಂದು ನನಗಿಂತ ಮೊದಲೇ ಬಲ್ಲ ಅಣ್ಣ ಆಗಲೇ ಅತ್ತ ಹಾರಿದ್ದ. ಆ ಕ್ಷಣದಲ್ಲಿ ಎಡಕ್ಕೆ ಓಡಿಬರುತ್ತಿದ್ದ ನಮ್ಮ ತಂಡದವನು ಕಂಡ, ನಿಜಕ್ಕೂ ಕಂಡ! ಎತ್ತಿದ ಕಾಲನ್ನು ಇಳಿಸಿ ಚೆಂಡನ್ನು ಮೆಲ್ಲಗೆ ಅವನತ್ತ ಉರುಳಿಸಿದೆ. ಖಾಲಿ ಗೋಲಿಗೆ ಅವನು ತಳ್ಳಿದ.

ನೆಲದಿಂದ ಎದ್ದ ಅಣ್ಣ ಧೂಳಿನ ಮುಖದ ತುಂಬ ನಗುತ್ತಿದ್ದ. "ನೀ ಹೊಡೀತಿ ಅಂತ ಬಿದ್ದೆನಲ್ಲೋ! ಕಲ್ತಿ ಬಿಡಲೇ, ಕಲ್ತಿ!"

ಸೀಟಿ ಊದಿದ್ದೇ ಸಾಹೇಬರು ದಾಪುಗಾಲು ಹಾಕುತ್ತ ಬಂದರು. ನನ್ನ ತಲೆಯನ್ನೊಮ್ಮೆ ಸವರಿ, "ನೀ ಇರ್ತೀ," ಎಂದವರೇ ನನ್ನನ್ನು ದಾಟಿ ಹೋಗಿ ಅಣ್ಣನ ಎರಡೂ ಕೈ ಹಿಡಿದುಕೊಂಡರು. "ಬಸಣ್ಣಾ, ನೀನೂ ಬಾ."

ಅಣ್ಣ ತಲೆ ತಗ್ಗಿಸಿದ. "ಗಿರಣಿ ಅದ ರೀ, ಸಾಹೇಬ್ರ."

ಅಷ್ಟರಲ್ಲಿ ಅವ್ವ ಅಲ್ಲಿಗೇ ಬಂದಿದ್ದಳು. "ನಿಮ್ಮಪ್ಪ ಇದ್ದಾಗ ಗಿರಣಿ ನಡಸಿದಾಕಿ ಯಾರಂತ ತಿಳಿದೀ? ಅವ್ರು ಕಟ್ಟಿ ಮ್ಯಾಲ ಕುಂತು ಮಾತಾಡ್ತಿದ್ರು, ನಡಸಿದಾಕಿ ನಾನು," ಎಂದು ಅಣ್ಣನ ಅಂಗಿಯ ಧೂಳು ಕೊಡವಿದಳು. "ಹೋಗು. ಒಬ್ಬ ಹೊಡೀಲಿ, ಒಬ್ಬ ಹಿಡೀಲಿ."

ಮುಂದಿನ ಹಂಗಾಮಿನ ಮೊದಲ ಪಂದ್ಯದಲ್ಲಿ ಮೈದಾನದ ನಡುವೆ ನಿಂತಾಗ ಎದುರು ಗೋಲಿನಲ್ಲಿ ಯಾರೋ ಅಪರಿಚಿತನಿದ್ದ. ಹುಟ್ಟಿದಾಗಿನಿಂದ ಅಣ್ಣನ ಕಡೆಗೇ ಚೆಂಡು ಒಯ್ದ ನಾನು ಅಂದು ಮೊದಲ ಸಲ ಅವನಿಗೆ ಬೆನ್ನು ಮಾಡಿದ್ದೆ. ಕ್ಷಣಕಾಲ ಕಾಲು ತಡವರಿಸಿತು. ಅಷ್ಟರಲ್ಲಿ ದೂರದಿಂದ, ನಗರದ ಗದ್ದಲವನ್ನೆಲ್ಲ ಸೀಳಿಕೊಂಡು, ಆ ದನಿ ಬಂತು:

"ಓಡಲೇ ಶರಣಾ, ಓಡು! ಹಿಂದ ನಾ ಅದೀನಿ!"